ಅಮೆಂಡ್ ಮಾಡಿದರೂ ಹ್ಯಾಶ್ ಕೆಲವೊಮ್ಮೆ ಬದಲಾಗುವುದಿಲ್ಲ, ಯಾಕೆ?

ನಿಮ್ಮ ಸ್ಕ್ರಿಪ್ಟ್ ಗಿಟ್‌ನಲ್ಲಿ (ಫೈಲ್‌ಗಳ ಬದಲಾವಣೆಯ ಇತಿಹಾಸ ಇಡುವ ಸಾಧನ) ಒಂದು ಕಮಿಟ್, ಅಂದರೆ ಫೈಲ್‌ಗಳ ಆ ಹೊತ್ತಿನ ಸ್ಥಿತಿಯ ದಾಖಲೆ, ಮಾಡುತ್ತದೆ. ಕೂಡಲೇ, ಸಂದೇಶ ಬದಲಿಸದೆ ಕೊನೆಯ ಕಮಿಟ್ಟನ್ನು ಮತ್ತೆ ಮಾಡುವ ‘ಗಿಟ್ ಕಮಿಟ್ --ಅಮೆಂಡ್ --ನೋ-ಎಡಿಟ್’ ಓಡಿಸುತ್ತದೆ. ಆಮೇಲೆ ಹ್ಯಾಶ್, ಅಂದರೆ ಕಮಿಟ್‌ನ ಗುರುತಿನ ಸಂಖ್ಯೆ, ಬದಲಾಗಿದೆಯಾ ಅಂತ ನೋಡುತ್ತದೆ. ಒಮ್ಮೆ ಪಾಸ್, ಇನ್ನೊಮ್ಮೆ ಫೇಲ್. ಇದು ಗಿಟ್‌ನ ದೋಷವೇ (ಬಗ್) ಅಂತ ಕೇಳಿದ್ದೀರಿ.

ಬಗ್ ಅಲ್ಲ. ಇದು ಗಡಿಯಾರದ ವಿಷಯ. ನನಗೂ ಇದೇ ಆಗಿತ್ತು. ನನ್ನ ಹಳೆಯ ನಿಧಾನದ ಲ್ಯಾಪ್‌ಟಾಪ್‌ನಲ್ಲಿ ಹೆಚ್ಚು ಸಲ ಪಾಸ್ ಆಗುತ್ತಿದ್ದ ಟೆಸ್ಟ್ ವೇಗದ ಸರ್ವರ್‌ಗೆ ಹೋದ ಕೂಡಲೇ ಬೀಳತೊಡಗಿತು. ಎರಡು ಸಂಜೆ ಅದರ ಹಿಂದೆಯೇ ಕಳೆದೆ.

ಮೊದಲು ಕಮಿಟ್‌ನ ಒಳಗೆ ಏನಿದೆ ಅಂತ ಕಣ್ಣಾರೆ ನೋಡಿ. ‘ಗಿಟ್ ಕ್ಯಾಟ್-ಫೈಲ್ -ಪಿ ಹೆಡ್’ ಕೊಡಿ (ಹೆಡ್ ಅಂದರೆ ನೀವು ಈಗ ಇರುವ ಕಮಿಟ್). ಬರುವುದು ಐದಾರು ಸಾಲು ಅಷ್ಟೇ. ಟ್ರೀ (ಫೈಲ್‌ಗಳ ಪಟ್ಟಿ), ಪೇರೆಂಟ್ (ಹಿಂದಿನ ಕಮಿಟ್), ಆಥರ್ (ಬದಲಾವಣೆ ಬರೆದವರು), ಕಮಿಟರ್ (ಕಮಿಟ್ ಮಾಡಿದವರು), ಒಂದು ಖಾಲಿ ಸಾಲು, ಕೆಳಗೆ ನಿಮ್ಮ ಸಂದೇಶ. ಆಥರ್ ಮತ್ತು ಕಮಿಟರ್ ಸಾಲುಗಳ ಕೊನೆಯಲ್ಲಿ ಒಂದು ಉದ್ದನೆಯ ಸಂಖ್ಯೆ ಇರುತ್ತದೆ. ಅದು 1970ರಿಂದ ಎಣಿಸಿದ ಸೆಕೆಂಡುಗಳು. ಹ್ಯಾಶ್ ಹುಟ್ಟುವುದು ಈ ಇಡೀ ಪಠ್ಯದಿಂದ. ಒಂದು ಅಕ್ಷರ ಬದಲಾದರೂ ಹ್ಯಾಶ್ ಬೇರೆ, ಎಲ್ಲ ಅಕ್ಷರ ಒಂದೇ ಆದರೆ ಹ್ಯಾಶ್ ಕೂಡ ಅದೇ.

ಈಗ ನಿಮ್ಮ ಟೆಸ್ಟ್ ನೋಡಿ. ಫೈಲ್ ಬದಲಾಗಿಲ್ಲ, ಆದ್ದರಿಂದ ಟ್ರೀ ಅದೇ. ಪೇರೆಂಟ್ ಅದೇ. ಸಂದೇಶ ಅದೇ. ಆಥರ್‌ನ ಸಮಯವನ್ನು ಅಮೆಂಡ್ ಹಳೆಯ ಕಮಿಟ್‌ನಿಂದಲೇ ಎತ್ತಿಕೊಳ್ಳುತ್ತದೆ. ಬದಲಾಗಬಹುದಾದದ್ದು ಕಮಿಟರ್‌ನ ಸಮಯ ಒಂದೇ. ಅದಕ್ಕೆ ಸೆಕೆಂಡಿಗಿಂತ ಸಣ್ಣ ಅಳತೆ ಇಲ್ಲ. ಎರಡೂ ಕೆಲಸ ಒಂದೇ ಸೆಕೆಂಡಿನೊಳಗೆ ಮುಗಿದರೆ ಆ ಸಾಲೂ ಅದೇ, ಹ್ಯಾಶೂ ಅದೇ. ನಡುವೆ ಸೆಕೆಂಡು ಉರುಳಿದರೆ ಮಾತ್ರ ನಿಮ್ಮ ಟೆಸ್ಟ್ ಪಾಸ್ ಆಗುತ್ತದೆ.

ನಡುವೆ ಒಂದು ಸೆಕೆಂಡು ಕಾಯಿಸುವ ‘ಸ್ಲೀಪ್ 1’ ಹಾಕೋಣ ಅನ್ನಿಸುತ್ತದೆ ಅಲ್ವಾ? ದಯವಿಟ್ಟು ಬೇಡ. ಟೆಸ್ಟ್ ಜಾಸ್ತಿ ಆದಂತೆ ಕಾಯುವುದೇ ಒಂದು ಕೆಲಸ ಆಗುತ್ತದೆ. ಸಮಯವನ್ನು ನೀವೇ ಕೊಡಿ. ‘ಗಿಟ್_ಆಥರ್_ಡೇಟ್’, ‘ಗಿಟ್_ಕಮಿಟರ್_ಡೇಟ್’ ಎಂಬ ಎರಡು ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳು (ಪ್ರೋಗ್ರಾಂಗೆ ಹೊರಗಿನಿಂದ ಕೊಡುವ ಮೌಲ್ಯಗಳು) ಇರುವುದೇ ಇದಕ್ಕೆ. ಗಿಟ್ ತಂಡ ತನ್ನ ಟೆಸ್ಟ್‌ಗಳಲ್ಲಿ ಮಾಡುವುದೂ ಇದನ್ನೇ. ಅಲ್ಲಿ ‘ಟೆಸ್ಟ್_ಟಿಕ್’ ಅಂತ ಒಂದು ಪುಟ್ಟ ಫಂಕ್ಷನ್ ಇದೆ. ಕರೆದಾಗಲೆಲ್ಲ ಈ ಎರಡು ಸಮಯವನ್ನೂ 60 ಸೆಕೆಂಡು ಮುಂದಕ್ಕೆ ತಳ್ಳುತ್ತದೆ. ಅದು ಶುರುವಾಗುವ ಸಂಖ್ಯೆ 1112911993. ಅಂದರೆ 2005ರ ಏಪ್ರಿಲ್ 7, ಲಿನಸ್ ಟೊರ್ವಾಲ್ಡ್ಸ್ ಗಿಟ್‌ನ ಮೊಟ್ಟಮೊದಲ ಕಮಿಟ್ ಮಾಡಿದ ಕ್ಷಣ. ಇದು ಗೊತ್ತಾದ ದಿನ ನನಗೆ ತುಂಬ ಖುಷಿಯಾಗಿತ್ತು.

ಆದರೆ ನನ್ನ ಮುಖ್ಯ ಮಾತು ಬೇರೆ. ಹ್ಯಾಶ್ ಬದಲಾಯಿತು ಅನ್ನುವುದಷ್ಟನ್ನೇ ನೋಡುವ ಟೆಸ್ಟ್‌ನಿಂದ ಹೆಚ್ಚೇನೂ ತಿಳಿಯುವುದಿಲ್ಲ. ‘ಅಮೆಂಡ್’ ಅನ್ನುವ ಹೆಸರು ಕೇಳಿದರೆ ಹಳೆಯ ಕಮಿಟ್ಟನ್ನೇ ತಿದ್ದುತ್ತದೆ ಅನ್ನಿಸುತ್ತದೆ. ಗಿಟ್ ಹಳೆಯದನ್ನು ಮುಟ್ಟುವುದೇ ಇಲ್ಲ. ಪಕ್ಕದಲ್ಲಿ ಹೊಸದೊಂದನ್ನು ಮಾಡಿ, ಬ್ರಾಂಚ್‌ನ (ಕಮಿಟ್‌ಗಳ ಒಂದು ಸಾಲು) ಹೆಸರನ್ನು ಅದರ ಕಡೆ ತಿರುಗಿಸುತ್ತದೆ. ಟೆಸ್ಟ್ ಹಿಡಿಯಬೇಕಾದದ್ದು ಇದನ್ನು.

ನಾನು ಮಾಡುವುದು ಹೀಗೆ. ಅಮೆಂಡ್‌ಗೆ ಮುಂಚೆ ‘ಗಿಟ್ ರೆವ್-ಪಾರ್ಸ್ ಹೆಡ್’ ಕೊಟ್ಟು ಹಳೆಯ ಹ್ಯಾಶ್ ಎತ್ತಿಟ್ಟುಕೊಳ್ಳುತ್ತೇನೆ. ಒಂದು ಫೈಲ್ ತಿದ್ದಿ, ಆಡ್ ಮಾಡಿ, ಅಮೆಂಡ್ ಮಾಡುತ್ತೇನೆ. ಆಮೇಲೆ ಹಳೆಯ ಹ್ಯಾಶ್ ಮೇಲೆ ‘ಗಿಟ್ ಕ್ಯಾಟ್-ಫೈಲ್ -ಟಿ’ ಓಡಿಸುತ್ತೇನೆ. ‘ಕಮಿಟ್’ ಅಂತ ಉತ್ತರ ಬಂದರೆ ಹಳೆಯದು ಜೀವಂತ ಇದೆ. ರೆಫ್‌ಲಾಗ್‌ನಲ್ಲೂ (ಬ್ರಾಂಚ್ ಯಾವಾಗ ಯಾವ ಕಮಿಟ್‌ನಲ್ಲಿತ್ತು ಅನ್ನುವ ದಿನಚರಿ) ಅದರ ಸಾಲು ಇರಬೇಕು. ಸೆಟ್ಟಿಂಗ್ ಬದಲಾಯಿಸದಿದ್ದರೆ ಹೀಗೆ ಬ್ರಾಂಚ್‌ನಿಂದ ಕಳಚಿಕೊಂಡ ಕಮಿಟ್‌ಗಳ ರೆಫ್‌ಲಾಗ್ ಸಾಲನ್ನು ಗಿಟ್ 30 ದಿನ ಇಟ್ಟುಕೊಳ್ಳುತ್ತದೆ. ಎರಡೂ ಕಮಿಟ್‌ಗಳ ಪೇರೆಂಟ್ ಒಂದೇ ಇರಬೇಕು. ‘ಗಿಟ್ ರೆವ್-ಲಿಸ್ಟ್ --ಕೌಂಟ್ ಹೆಡ್’ ಕೊಡುವ ಎಣಿಕೆ ಮುಂಚೆ ಎಷ್ಟಿತ್ತೋ ಅಷ್ಟೇ ಇರಬೇಕು.

ಆಥರ್ ಸಾಲನ್ನು ಬೇರೆಯಾಗಿ ಪರೀಕ್ಷಿಸಿ. ಇಲ್ಲಿ ತುಂಬ ಜನ ಎಡವುತ್ತಾರೆ. ಅಮೆಂಡ್ ಮಾಡುವಾಗ ‘ಗಿಟ್_ಆಥರ್_ಡೇಟ್’ ಬದಲಿಸಿ ಕೊಟ್ಟರೂ ಗಿಟ್ ಅದನ್ನು ಕೇಳುವುದಿಲ್ಲ, ಹಳೆಯ ಕಮಿಟ್‌ನ ಸಮಯವನ್ನೇ ಉಳಿಸುತ್ತದೆ. ಬದಲಾಗಲೇಬೇಕು ಅಂದರೆ ‘--ಡೇಟ್’ ಅಥವಾ ‘--ರೀಸೆಟ್-ಆಥರ್’ ಕೊಡಬೇಕು. ಎರಡು ಸಮಯಗಳನ್ನೂ ಒಟ್ಟಿಗೆ ನೋಡಲು ‘ಗಿಟ್ ಲಾಗ್ --ಫಾರ್ಮ್ಯಾಟ್=ಫುಲ್ಲರ್’ ಒಳ್ಳೆಯದು. ಮಾಮೂಲಿ ಲಾಗ್ ಆಥರ್‌ನ ಸಮಯ ಮಾತ್ರ ತೋರಿಸುವುದರಿಂದ ಏನೂ ಬದಲಾಗಿಲ್ಲ ಅನ್ನಿಸಿಬಿಡುತ್ತದೆ.

ಇನ್ನೊಂದು ಟೆಸ್ಟ್ ಖಂಡಿತ ಬರೆಯಿರಿ. ಸಂದೇಶದಲ್ಲಿ ಒಂದು ಅಕ್ಷರ ಸರಿಮಾಡಬೇಕು ಅಂತ ಅಮೆಂಡ್ ಮಾಡುತ್ತೀರಿ. ಆದರೆ ಅರ್ಧ ಮುಗಿದ ಬೇರೆ ಫೈಲ್ ಆಗಲೇ ಸ್ಟೇಜ್‌ನಲ್ಲಿ (ಮುಂದಿನ ಕಮಿಟ್‌ಗೆ ಆಡ್ ಮಾಡಿಟ್ಟ ಜಾಗ) ಕೂತಿದೆ. ಅದೂ ಸದ್ದಿಲ್ಲದೆ ಕಮಿಟ್‌ನೊಳಗೆ ಸೇರುತ್ತದೆ. ಪಾತ್ (ಫೈಲ್‌ನ ವಿಳಾಸ) ಏನೂ ಕೊಡದೆ ‘--ಅಮೆಂಡ್ --ಓನ್ಲಿ’ ಅಂದರೆ ಸೇರುವುದಿಲ್ಲ, ಸ್ಟೇಜ್‌ನಲ್ಲೇ ಉಳಿಯುತ್ತದೆ. ಈ ಎರಡೂ ನಡೆಯನ್ನು ಅಕ್ಕಪಕ್ಕ ಇಟ್ಟು ಪರೀಕ್ಷಿಸಿ.

ಗಿಟ್ ಆಗುವುದಿಲ್ಲ ಅನ್ನಬೇಕಾದ ಕಡೆಗಳೂ ಇವೆ. ಇನ್ನೂ ಒಂದೂ ಕಮಿಟ್ ಇಲ್ಲದ ರೆಪೊ (ಗಿಟ್ ಇತಿಹಾಸ ಇಡುವ ಫೋಲ್ಡರ್), ಅರ್ಧಕ್ಕೆ ನಿಂತ ಮರ್ಜ್ (ಎರಡು ಬ್ರಾಂಚ್ ಸೇರಿಸುವುದು), ಅಮೆಂಡ್‌ನಿಂದ ಕಮಿಟ್ ಪೂರ್ತಿ ಖಾಲಿಯಾಗುವ ಸಂದರ್ಭ. ಮೂರರಲ್ಲೂ ಗಿಟ್ ನಿಲ್ಲಬೇಕು, ಬ್ರಾಂಚ್ ಇದ್ದಲ್ಲೇ ಇರಬೇಕು. ಮುಗಿದ ಮರ್ಜ್ ಕಮಿಟ್ಟನ್ನು ಅಮೆಂಡ್ ಮಾಡಿದರೆ ಎರಡೂ ಪೇರೆಂಟ್ ಉಳಿಯಬೇಕು.

ಇಷ್ಟನ್ನೂ ನಿಮ್ಮ ಕೆಲಸದ ರೆಪೊದಲ್ಲಿ ಮಾಡಬೇಡಿ. ಪ್ರತಿ ಟೆಸ್ಟ್‌ಗೂ ಹೊಸ ತಾತ್ಕಾಲಿಕ ಫೋಲ್ಡರ್, ಅದರಲ್ಲಿ ಹೊಸ ‘ಗಿಟ್ ಇನಿಟ್’. ‘ಗಿಟ್_ಕಾನ್ಫಿಗ್_ಗ್ಲೋಬಲ್’ ಅನ್ನು ಖಾಲಿ ಫೈಲ್‌ಗೆ ತೋರಿಸಿ, ಹೆಸರು ಮತ್ತು ಇಮೇಲ್ ಟೆಸ್ಟ್‌ನ ಒಳಗೇ ಕೊಡಿ. ನಿಮ್ಮ ಸ್ವಂತ ಕಾನ್ಫಿಗ್‌ನಲ್ಲಿ ಕಮಿಟ್‌ಗೆ ಸಹಿ ಹಾಕುವ ಸೆಟ್ಟಿಂಗ್ ಇದ್ದರೆ, ಅಮೆಂಡ್ ಪಾಸ್‌ವರ್ಡ್ ಕೇಳುತ್ತಾ ಅಲ್ಲೇ ನಿಂತುಬಿಡಬಹುದು. ‘--ನೋ-ಎಡಿಟ್’ ಕೊಡದ ಟೆಸ್ಟ್‌ಗಳಲ್ಲಿ ಎಡಿಟರ್ ತೆರೆದುಕೊಂಡು ಕೂರುತ್ತದೆ. ಅಲ್ಲಿ ‘ಗಿಟ್_ಎಡಿಟರ್’‌ಗೆ ‘ಟ್ರೂ’ ಅಂತ ಕೊಟ್ಟರೆ ಸಾಕು, ಸಂದೇಶ ಇದ್ದ ಹಾಗೇ ಉಳಿದು ಮುಂದೆ ಹೋಗುತ್ತದೆ.

ಸಮಯ ಕೈಯಿಂದ ಕೊಟ್ಟ ಮೇಲೆ ನಿಮ್ಮ ಸ್ಕ್ರಿಪ್ಟನ್ನು ಸಾಲಾಗಿ ನೂರು ಸಲ ಓಡಿಸಿ. ಆಗಲೂ ಎಲ್ಲಾದರೂ ಫೇಲ್ ಆದರೆ, ಎರಡೂ ಕಮಿಟ್‌ಗಳ ‘ಕ್ಯಾಟ್-ಫೈಲ್ -ಪಿ’ ಇಲ್ಲಿ ಹಾಕಿ, ನೋಡುತ್ತೇನೆ.