ಸ್ವಂತ ವೈನ್ ಬಾಟಲಿ ಹಿಡಿದು ಕ್ರೂಸ್ ಹಡಗು ಹತ್ತಬಹುದೇ?

ನೀವು ಕೇಳಿರುವುದು ಇಷ್ಟು: ಮದುವೆಯ ಹತ್ತನೇ ವರ್ಷಕ್ಕೆಂದು ದಂಪತಿಗಳಿಬ್ಬರೂ ಏಳು ದಿನದ ಕ್ರೂಸ್‌ಗೆ ಹೊರಟಿದ್ದೀರಿ. ಮದುವೆಯಲ್ಲಿ ಉಡುಗೊರೆಯಾಗಿ ಬಂದ ವೈನ್ ಬಾಟಲಿಯನ್ನು ಹಡಗಿನಲ್ಲಿ ತೆರೆಯುವ ಆಸೆ. ಜೊತೆಗೆ ಇನ್ನೂ ನಾಲ್ಕು ಬಾಟಲಿ ಒಯ್ದರೆ ಖರ್ಚು ಉಳಿದೀತೇ ಎಂಬ ಲೆಕ್ಕಾಚಾರ.

ಉಡುಗೊರೆಯ ಬಾಟಲಿಯನ್ನು ಒಯ್ಯಿರಿ, ಆ ನಾಲ್ಕನ್ನು ಮರೆತುಬಿಡಿ. ಆದರೆ ಒಯ್ಯುವಾಗ ನಾನು ಮಾಡಿದ ತಪ್ಪನ್ನು ಮಾತ್ರ ಮಾಡಬೇಡಿ.

ವಿಮಾನದಲ್ಲಿ ಕೈಚೀಲದೊಳಗೆ 100 ಮಿಲಿಲೀಟರ್‌ಗಿಂತ ದೊಡ್ಡ ದ್ರವದ ಬಾಟಲಿಗೆ ಸಾಮಾನ್ಯವಾಗಿ ಅವಕಾಶವಿಲ್ಲ. ಹಾಗಾಗಿ ನನ್ನ ಎರಡು ಬಾಟಲಿಗಳನ್ನು ಸ್ವೆಟರ್‌ನಲ್ಲಿ ಸುತ್ತಿ ದೊಡ್ಡ ಸೂಟ್‌ಕೇಸಿಗೆ ಹಾಕಿದ್ದೆ. ವಿಮಾನ ನಿಲ್ದಾಣದಿಂದ ನೇರ ಬಂದರಿಗೆ ಹೋಗಿ, ಅದೇ ಸೂಟ್‌ಕೇಸನ್ನು ಹಮಾಲರ ಕೈಗೆ ಕೊಟ್ಟೆ. ಹಡಗಿನ ನಿಯಮ ವಿಮಾನದ್ದಕ್ಕೆ ತದ್ವಿರುದ್ಧ: ಬಾಟಲಿ ಇರಬೇಕಾದದ್ದು ಕೈಚೀಲದಲ್ಲೇ. ರಾತ್ರಿ ಒಂಬತ್ತಾದರೂ ಸೂಟ್‌ಕೇಸ್ ಕ್ಯಾಬಿನ್‌ಗೆ ಬರಲಿಲ್ಲ. ಕೊನೆಗೆ ಕೆಳಗಿನ ಅಂತಸ್ತಿನ ಒಂದು ಕೋಣೆಗೆ ಬರಲು ಫೋನ್ ಬಂತು. ಅಲ್ಲಿ ಎಕ್ಸ್‌ರೇಯಲ್ಲಿ ಸಿಕ್ಕಿಬಿದ್ದ ಪೆಟ್ಟಿಗೆಗಳೆಲ್ಲ ಸಾಲಾಗಿ ನಿಂತಿದ್ದವು, ಅವುಗಳ ಹಿಂದೆ ಹೋಂವರ್ಕ್ ಮಾಡದ ಮಕ್ಕಳಂತೆ ನಾವು. ನನ್ನ ಪಕ್ಕದವರದ್ದು ಇಸ್ತ್ರಿಪೆಟ್ಟಿಗೆ, ಅದರಾಚೆಯವರದ್ದು ಶಾಂಪೂ ಬಾಟಲಿಯಲ್ಲಿ ತುಂಬಿದ್ದ ರಮ್. ಸಿಬ್ಬಂದಿ ನಗುತ್ತಲೇ ನನ್ನ ಬಾಟಲಿಗಳ ಕೊರಳಿಗೆ ಚೀಟಿ ಕಟ್ಟಿ ಒಳಗಿಟ್ಟರು. ಅವು ಮರಳಿ ಕೈಸೇರಿದ್ದು ಕೊನೆಯ ರಾತ್ರಿ, ಪೆಟ್ಟಿಗೆ ಕಟ್ಟುವ ಹೊತ್ತಿಗೆ.

ಆದ್ದರಿಂದ ವಿಮಾನದಿಂದ ಇಳಿದ ಮೇಲೆ, ಸೂಟ್‌ಕೇಸನ್ನು ಒಪ್ಪಿಸುವ ಮೊದಲೇ ಬಾಟಲಿಯನ್ನು ತೆಗೆದು ಕೈಚೀಲಕ್ಕೆ ಹಾಕಿಕೊಳ್ಳಿ. ತಪಾಸಣೆಯಲ್ಲಿ ಕೇಳಿದರೆ ತೋರಿಸಿ, ಬಚ್ಚಿಡುವ ಅಗತ್ಯವಿಲ್ಲ. ಸೀಲ್ ಒಡೆದಿರಬಾರದು.

ಎಷ್ಟು ಬಾಟಲಿ ಎಂಬುದು ಕಂಪನಿಯ ಮೇಲೆ ಹೋಗುತ್ತದೆ. ಕಾರ್ನಿವಲ್, ರಾಯಲ್ ಕೆರಿಬಿಯನ್ ಹಡಗುಗಳಲ್ಲಿ ವಯಸ್ಕರೊಬ್ಬರಿಗೆ 750 ಮಿಲಿಲೀಟರಿನ ಒಂದು ಬಾಟಲಿ, ಅದೂ ಹತ್ತುವ ದಿನ ಮಾತ್ರ. ಅಮೆರಿಕದಿಂದ ಹೊರಡುವ ಯಾನಗಳಲ್ಲಿ ವಯಸ್ಕರೆಂದರೆ 21 ತುಂಬಿದವರು. ಡಿಸ್ನಿ ಹಡಗಿಗೆ ವೈನ್ ಇಲ್ಲವೇ ಬಿಯರ್, ಯಾವುದನ್ನಾದರೂ ಮಿತಿಯೊಳಗೆ ಒಯ್ಯಬಹುದು. ಎಂಎಸ್‌ಸಿ ಹಡಗಿಗೆ ಹೊರಗಿನ ಮದ್ಯವೇ ಕೂಡದು. ವೈಕಿಂಗ್‌ನವರು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. ಈ ನಿಯಮಗಳು ಆಗಾಗ ಬದಲಾಗುತ್ತವೆ. ಹಿಂದಿನ ವರ್ಷ ಹೋಗಿಬಂದವರ ಮಾತನ್ನು ನೆಚ್ಚಿಕೊಳ್ಳದೆ, ಹೊರಡುವ ವಾರ ನಿಮ್ಮ ಕಂಪನಿಯ ನಿಯಮವನ್ನು ಒಮ್ಮೆ ಓದಿಕೊಳ್ಳಿ.

ಈಗ ನಿಮ್ಮ ಉಳಿತಾಯದ ಲೆಕ್ಕ. ನಾರ್ವೇಜಿಯನ್ ಹಡಗಿಗೆ ಎಷ್ಟು ವೈನ್ ಬೇಕಾದರೂ ಒಯ್ಯಬಹುದು ಎಂದು ಕೇಳಿ ಹಿಗ್ಗುವವರಿದ್ದಾರೆ. 750 ಮಿಲಿಲೀಟರಿನ ಪ್ರತಿ ಬಾಟಲಿಗೆ ಅವರು 15 ಡಾಲರ್ ಕಾರ್ಕೇಜ್ ಹಾಕುತ್ತಾರೆ, ನೀವು ಕ್ಯಾಬಿನ್ನಿನಲ್ಲೇ ಕುಳಿತು ಕುಡಿದರೂ ಸರಿ. ಕಾರ್ಕೇಜ್ ಎಂದರೆ ನಿಮ್ಮದೇ ಬಾಟಲಿಯ ಬಿರಡೆ ತೆಗೆಯುವುದಕ್ಕೆ ಅವರು ಪಡೆಯುವ ಶುಲ್ಕ. 10 ಡಾಲರಿನ ವೈನ್‌ಗೆ 25 ತೆತ್ತಂತಾಯಿತು, ಮೇಲೆ ಹೊರುವ ಶ್ರಮ ಬೇರೆ. ಅದೇ 60 ಡಾಲರಿನ ಬಾಟಲಿಯಾದರೆ ಕಥೆ ಬೇರೆ. ಹಡಗಿನ ಪಟ್ಟಿಯಲ್ಲಿ ಅಂಥದರ ಬೆಲೆ ಅಂಗಡಿಯ ದರಕ್ಕಿಂತ ಬಹಳ ಮೇಲಿರುತ್ತದೆ, ಅದರ ಮೇಲೆ ಸೇವಾ ಶುಲ್ಕ ಕೂಡುತ್ತದೆ. ಆಗ 15 ಡಾಲರ್ ಹೊರೆಯಲ್ಲ. ನಡುವೆ ಬಂದರಿನಲ್ಲಿ ಕೊಂಡರಾಯಿತು ಎನ್ನಬೇಡಿ. ಹೆಚ್ಚಿನ ಹಡಗುಗಳಲ್ಲಿ ಮೆಟ್ಟಿಲ ಬಳಿಯೇ ಅದನ್ನು ಇಸಿದುಕೊಂಡು ರಸೀದಿ ಕೊಡುತ್ತಾರೆ, ವಾಪಸು ಕೊಡುವುದು ಯಾನದ ಕೊನೆಗೇ.

ನಿಮ್ಮ ಬಾಟಲಿಯ ಬಗ್ಗೆ ಒಂದು ಕಹಿಮಾತು. ವೈನ್ ಹಳತಾದಷ್ಟೂ ರುಚಿ ಎಂಬುದು ಎಲ್ಲ ವೈನ್‌ಗೂ ಸಲ್ಲುವ ಮಾತಲ್ಲ. ಹೆಚ್ಚಿನವು ಕೆಲವೇ ವರ್ಷಗಳಲ್ಲಿ ಕುಡಿಯಲೆಂದು ಮಾಡಿದವು. ಹತ್ತು ವರ್ಷ ಕಪಾಟಿನಲ್ಲಿ ಬಿಸಿಲಕಾಲ ಕಂಡಿದ್ದರೆ ಹುಳಿಯಾಗಿದ್ದರೂ ಆಶ್ಚರ್ಯವಿಲ್ಲ. ಕೆಂಪು ವೈನ್ ಆದರೆ ತಳದಲ್ಲಿ ಗಷ್ಟು ಕೂತಿರುತ್ತದೆ, ಪ್ರಯಾಣದ ಕುಲುಕಾಟಕ್ಕೆ ಅದೆಲ್ಲ ಕದಡುತ್ತದೆ. ಕ್ಯಾಬಿನ್ನಿನ ತಂಪು ಮೂಲೆಯಲ್ಲಿ ಎರಡು ದಿನ ನೆಟ್ಟಗೆ ನಿಲ್ಲಿಸಿ, ಮೂರನೇ ರಾತ್ರಿ ಊಟಕ್ಕೆ ಒಯ್ಯಿರಿ. ಹಳೆಯ ಬಿರಡೆ ಪುಡಿಯಾಗುವುದುಂಟು, ಆದ್ದರಿಂದ ತೆರೆಯುವ ಕೆಲಸವನ್ನು ಕೈ ಪಳಗಿದ ವೇಟರ್‌ಗೇ ಬಿಡಿ. ಕಾರ್ಕೇಜ್ ಕೊಟ್ಟರೂ ಆ ದುಡ್ಡು ದಂಡವಲ್ಲ. ಚೆನ್ನಾಗಿದ್ದು ಅರ್ಧ ಉಳಿದರೆ, ಬಾಟಲಿಯ ಮೇಲೆ ನಿಮ್ಮ ಕ್ಯಾಬಿನ್ ಸಂಖ್ಯೆ ಬರೆದಿಟ್ಟು ಮರುದಿನದ ಊಟಕ್ಕೆ ತಂದಿಡುವಂತೆ ಕೇಳಿ. ಕೆಟ್ಟಿದ್ದರೆ ಹಡಗಿನ ಪಟ್ಟಿಯಿಂದ ಒಂದೊಂದು ಲೋಟ ತರಿಸಿಕೊಳ್ಳಿ, ಖಾಲಿ ಬಾಟಲಿಯನ್ನು ಮನೆಗೆ ತನ್ನಿ. ಮದುವೆಯ ಬಾಟಲಿ ತಾನೇ?