ಓದುಗರ ಪ್ರಶ್ನೆ: ಫೈಲು ಅಳಿಸಿದರೂ ಡಿಸ್ಕ್ ಖಾಲಿಯಾಗದೇಕೆ?

ಪ್ರಶ್ನೆ: ದಾಳಿಂಬೆಯ ದುಂಡಾಣು ಅಂಗಮಾರಿ ರೋಗದ ಚಿತ್ರಗಳನ್ನು ಐರಾಡ್ಸ್‌ನಲ್ಲಿ (ಹಲವು ಸರ್ವರುಗಳ ಫೈಲುಗಳನ್ನು ಒಟ್ಟಿಗೆ ನಿರ್ವಹಿಸುವ ತಂತ್ರಾಂಶ) ಇಟ್ಟಿದ್ದೇವೆ. ಒಂದು ಪ್ರತಿ ಬಾಗಲಕೋಟೆಯ ಸರ್ವರಿನಲ್ಲಿ, ಇನ್ನೊಂದು ಬೆಳಗಾವಿಯದರಲ್ಲಿ. ಮಸುಕಾದ ಚಿತ್ರಗಳನ್ನು ‘ಐಆರ್‌ಎಂ’ ಆದೇಶ ಕೊಟ್ಟು ಅಳಿಸಿದರೂ ಜಾಗ ಬಿಡಲಿಲ್ಲ. ಸರ್ವರಿಗೇ ಹೋಗಿ ಫೈಲು ತೆಗೆಯಬಹುದೆ?
– ಸಂಶೋಧನಾ ವಿದ್ಯಾರ್ಥಿನಿ, ಬಾಗಲಕೋಟೆ

ಉತ್ತರ: ಬೇಡವೇ ಬೇಡ. ಐರಾಡ್ಸ್‌ನಲ್ಲಿ ಫೈಲು ಇರುವುದು ವಾಲ್ಟ್ ಎಂಬ ಡೈರೆಕ್ಟರಿಯಲ್ಲಿ. ಅದರ ಹೆಸರು, ಗಾತ್ರ, ಯಾವ ಪ್ರತಿ ಎಲ್ಲಿದೆ ಎಂಬ ದಾಖಲೆ ಇರುವುದು ಐಕ್ಯಾಟ್ ಡೇಟಾಬೇಸಿನಲ್ಲಿ. ವಾಲ್ಟ್‌ನಿಂದ ನೇರವಾಗಿ ತೆಗೆದರೆ ದಾಖಲೆ ಉಳಿಯುತ್ತದೆ, ಫೈಲು ಕೇಳಿದವರಿಗೆ ದೋಷ ಬರುತ್ತದೆ. ಡೇಟಾಬೇಸಿನ ಸಾಲು ಅಳಿಸಿದರೆ ಉಲ್ಟಾ: ವಾರಸುದಾರರಿಲ್ಲದ ಫೈಲು ಡಿಸ್ಕ್ ತಿನ್ನುತ್ತ ಕೂರುತ್ತದೆ. ನಮ್ಮ ಮಟ್ಟಿಗೆ ಈ ಎರಡನೆಯದೇ ಹೆಚ್ಚು ಕೆಟ್ಟದ್ದು. ಪಟ್ಟಿಯಲ್ಲಿ ಅದು ಕಾಣುವುದೇ ಇಲ್ಲ.

ಬರೀ ಐಆರ್‌ಎಂ ಕೊಟ್ಟರೆ ಫೈಲು ನಿಮ್ಮ ಝೋನಿನ (ಅಂದರೆ ನಿಮ್ಮ ಐರಾಡ್ಸ್ ವ್ಯವಸ್ಥೆಯ) ಟ್ರ್ಯಾಶ್‌ಗೆ ಹೋಗುತ್ತದೆ, ಅಷ್ಟೆ. ಎರಡೂ ಊರಿನ ಪ್ರತಿಗಳು ಡಿಸ್ಕ್‌ನಲ್ಲೇ ಇರುತ್ತವೆ. ತಪ್ಪಿ ಅಳಿಸಿದ್ದರೆ ‘ಐಎಂವಿ’ಯಿಂದ ವಾಪಸ್ ತರಬಹುದು. ಅದೇ ಹೆಸರಿನ ಫೈಲು ಟ್ರ್ಯಾಶ್‌ನಲ್ಲಿ ಮೊದಲೇ ಇದ್ದರೆ ಹೊಸದರ ಹೆಸರಿಗೆ ಒಂದು ಸಂಖ್ಯೆ ಅಂಟಿರುತ್ತದೆ, ಹುಡುಕುವಾಗ ನೆನಪಿರಲಿ. ಜಾಗ ಬಿಡಿಸಲು ‘ಐಆರ್‌ಎಂಟ್ರ್ಯಾಶ್’ ಓಡಿಸಿ. ಹಳೆಯದನ್ನಷ್ಟೇ ತೆಗೆಯಬೇಕೆಂದರೆ ವಯಸ್ಸಿನ ಆಯ್ಕೆ ಕೊಡಬೇಕು, ಅದು ನಿಮಿಷಗಳ ಲೆಕ್ಕ: 7 ದಿನಕ್ಕೆ 10080. ‘-ಎಫ್’ ಸೇರಿಸಿದ ಐಆರ್‌ಎಂ ಟ್ರ್ಯಾಶ್ ದಾಟಿ ನೇರ ಅಳಿಸುತ್ತದೆ. ಮೂಲ ಚಿತ್ರಗಳ ಮೇಲೆ ಅದನ್ನು ಬಳಸಬೇಡಿ.

ಅಳಿಸುವಾಗ ಒಂದು ಸರ್ವರ್ ಬಂದಾಗಿದ್ದರೆ ಕೆಲಸ ಅರ್ಧಕ್ಕೆ ನಿಲ್ಲಬಹುದು. ಹೀಗಾಗಿ ಮೊದಲು ಎರಡೂ ಕಡೆ ಎದ್ದಿವೆಯೇ ನೋಡಿ. ಮುಗಿದ ಮೇಲೆ ಆಯಾ ಸರ್ವರಿನಲ್ಲೇ ‘ಐಸ್ಕ್ಯಾನ್’ ಓಡಿಸಿ. ವಾಲ್ಟ್ ಡೈರೆಕ್ಟರಿ ಕೊಟ್ಟರೆ ದಾಖಲೆಯಿಲ್ಲದ ಫೈಲು ಸಿಗುತ್ತದೆ. ‘-ಡಿ’ ಜತೆ ಕಲೆಕ್ಷನ್ (ಐರಾಡ್ಸ್‌ನ ಫೋಲ್ಡರ್) ಕೊಟ್ಟರೆ ಫೈಲಿಲ್ಲದ ದಾಖಲೆ ಸಿಗುತ್ತದೆ. ಬಳಕೆಯಲ್ಲಿಲ್ಲದ ಟ್ಯಾಗ್‌ಗಳು, ಅಂದರೆ ತಾಲ್ಲೂಕು, ತಳಿ ಎಂದೆಲ್ಲ ನೀವು ಹಚ್ಚಿದ ಮೆಟಾಡೇಟಾ, ಡೇಟಾಬೇಸಿನಲ್ಲಿ ಉಳಿದಿರಬಹುದು. ಅವನ್ನು ಗುಡಿಸಲು ಅಡ್ಮಿನ್ ‘ಐಅಡ್ಮಿನ್ ರಮ್’ ಕೊಡಬೇಕು.

ಪ್ರಶ್ನೆ: ಬೆಳಗಾವಿಯ ಪ್ರತಿ ಮಾತ್ರ ತೆಗೆಯುವುದು ಹೇಗೆ?
– ಓದುಗರು, ವಿಜಯಪುರ

ಉತ್ತರ: ‘ಐಟ್ರಿಮ್’ ಬಳಸಿ. ಏನೂ ಹೇಳದಿದ್ದರೆ ಅದು ಕನಿಷ್ಠ 2 ಪ್ರತಿ ಉಳಿಸುತ್ತದೆ, ಹಾಗಾಗಿ ಎರಡೇ ಇದ್ದಲ್ಲಿ ಏನನ್ನೂ ತೆಗೆಯದೆ ಸುಮ್ಮನಿರುತ್ತದೆ. ‘ಕೆಟ್ಟಿದೆ’ ಎಂದು ಬಹಳ ಜನ ದೂರುವುದು ಇದನ್ನೇ. ಉಳಿಸುವ ಸಂಖ್ಯೆ 1 ಎಂದು ಕೊಟ್ಟು, ಬೆಳಗಾವಿಯ ರಿಸೋರ್ಸ್ (ಪ್ರತಿ ಇರುವ ಸಂಗ್ರಹ ಜಾಗ) ಹೆಸರಿಸಿ. ಮೊದಲು ‘ಡ್ರೈರನ್’ ಮಾಡಿ: ಏನೇನು ಹೋಗಲಿದೆ ಎಂದು ತೋರಿಸುತ್ತದೆ, ಅಳಿಸುವುದಿಲ್ಲ. ಉಳಿಯುವ ಪ್ರತಿಯ ಮುಂದೆ ‘ಐಎಲ್‌ಎಸ್ -ಎಲ್’ ಪಟ್ಟಿಯಲ್ಲಿ & ಗುರುತು ಇರಲೇಬೇಕು; ಇಲ್ಲದಿದ್ದರೆ ಅದು ನಂಬುವಂಥ ಪ್ರತಿಯಲ್ಲ. ಐಟ್ರಿಮ್ ತೆಗೆದದ್ದು ಟ್ರ್ಯಾಶ್‌ಗೆ ಹೋಗುವುದಿಲ್ಲ.

ಪ್ರಶ್ನೆ: ಸರ್ನ್‌ನ (ಯುರೋಪಿನ ಕಣ ಭೌತಶಾಸ್ತ್ರ ಪ್ರಯೋಗಾಲಯ) ದತ್ತಾಂಶ ನಿರ್ವಹಣಾ ತಂತ್ರಾಂಶ ರೂಸಿಯೊದಲ್ಲೂ ಹೀಗೆಯೇ?
– ಓದುಗರು, ಬೆಳಗಾವಿ

ಉತ್ತರ: ಇಲ್ಲ. ಅಲ್ಲಿ ಪ್ರತಿಯನ್ನು ಕಾಯುವುದು ನಿಯಮ. ನಿಯಮ ತೆಗೆದರೆ ಪ್ರತಿ ಅನಾಥವಾಗುತ್ತದೆ, ಆಮೇಲೆ ‘ರೀಪರ್’ ಎಂಬ ಹಿನ್ನೆಲೆ ಪ್ರೋಗ್ರಾಂ ಅದನ್ನು ಅಳಿಸುತ್ತದೆ. ‘ಇರೇಸ್’ ಕೊಟ್ಟರೂ 24 ಗಂಟೆ ಗಡುವು ಇರುತ್ತದೆ, ಅಷ್ಟರೊಳಗೆ ರದ್ದು ಮಾಡಬಹುದು.