ಅಡುಗೆಮನೆಯ ಪ್ರಶ್ನೋತ್ತರ: ಕ್ರಿಸ್‌ಮಸ್‌ಗೆ ಮನೆಯಲ್ಲೇ ಎಗ್‌ನಾಗ್

ಡಿಸೆಂಬರ್ ಹತ್ತಿರ ಬರುತ್ತಿದ್ದಂತೆ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಓದುಗರು ಒಂದೇ ಪಾನೀಯದ ಬಗ್ಗೆ, ಅಂದರೆ ಹಾಲು, ಕ್ರೀಮ್, ಮೊಟ್ಟೆ, ಸಕ್ಕರೆ ಸೇರಿಸಿ ಮಾಡುವ ಎಗ್‌ನಾಗ್ ಬಗ್ಗೆ, ಬೇರೆ ಬೇರೆ ಪ್ರಶ್ನೆಗಳನ್ನು ಕಳುಹಿಸಿದ್ದಾರೆ. ಅವುಗಳಲ್ಲಿ ಕೆಲವಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ವಿದೇಶದಲ್ಲಿರುವ ಮಗಳು ಈ ಬಾರಿ ಕ್ರಿಸ್‌ಮಸ್‌ಗೆ ಊರಿಗೆ ಬರುತ್ತಾಳೆ. ಅಲ್ಲಿ ಹಬ್ಬದ ದಿನಗಳಲ್ಲಿ ಕುಡಿಯುವ ಎಗ್‌ನಾಗ್ ಅನ್ನು ಅವಳಿಗೆ ಮನೆಯಲ್ಲೇ ಮಾಡಿಕೊಡುವ ಆಸೆಯಿದೆ. ಒಮ್ಮೆ ಪ್ರಯತ್ನಿಸಿದಾಗ ಹಾಲು ಒಡೆದು ಗಂಟುಗಂಟಾಯಿತು. ಮೊಟ್ಟೆಯನ್ನು ಬೇಯಿಸದೆ ಹಸಿಯಾಗಿಯೇ ಹಾಕಬೇಕು ಎಂದು ಕೆಲವರು ಹೇಳುತ್ತಾರೆ. ಯಾವುದು ಸರಿ?
(ಓದುಗರು, ಬೇಳ)

ಉತ್ತರ: ನಿಮ್ಮ ಪಾತ್ರೆಯಲ್ಲಿ ಕಂಡ ಗಂಟು ಹಾಲಿನದ್ದಲ್ಲ, ಬೆಂದ ಮೊಟ್ಟೆಯದ್ದು. ಮೊಟ್ಟೆಯ ಹಳದಿ ತಾನೊಂದೇ ಇದ್ದಾಗ ಸುಮಾರು 65ರಿಂದ 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಯಾಗುತ್ತದೆ. ಹಾಲು ಮತ್ತು ಸಕ್ಕರೆ ಸೇರಿಕೊಂಡರೆ ಅದು ಇನ್ನಷ್ಟು ಬಿಸಿ ತಾಳುತ್ತದೆ, 80 ಡಿಗ್ರಿಯ ಆಸುಪಾಸಿನಲ್ಲಿ ಮೆಲ್ಲಗೆ ದಪ್ಪವಾಗುತ್ತದೆ. ಆದರೆ ಬಿಸಿ 85 ಡಿಗ್ರಿ ದಾಟಿತೆಂದರೆ ಹಳದಿಯಲ್ಲಿರುವ ಪ್ರೋಟೀನು ಬಿಗಿದುಕೊಂಡು ನೀರು ಬಿಡುತ್ತದೆ. ನೀವು ಕಂಡ ಗಂಟು ಅದೇ. ಈ ಕೆಲವು ಡಿಗ್ರಿಗಳ ಅಂತರದಲ್ಲಿ ಪಾತ್ರೆಯನ್ನು ಹಿಡಿದಿಡುವುದೇ ಎಗ್‌ನಾಗ್‌ನ ಕೆಲಸದ ಮುಖ್ಯ ಭಾಗ, ಉಳಿದದ್ದೆಲ್ಲ ಸುಲಭ.

ಹಸಿ ಮೊಟ್ಟೆಯನ್ನು ಕಡೆದು ಹಾಲಿಗೆ ಬೆರೆಸುವ ಪದ್ಧತಿ ಹಳೆಯದು ಎಂಬುದು ನಿಜ, ಆದರೆ ನಾನು ಅದನ್ನು ಖಂಡಿತ ಸೂಚಿಸುವುದಿಲ್ಲ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಅದು ವಾಂತಿ, ಭೇದಿ, ಜ್ವರ ತರುತ್ತದೆ, ಮತ್ತು ಗರ್ಭಿಣಿಯರು, ಚಿಕ್ಕ ಮಕ್ಕಳು ಹಾಗೂ ವಯಸ್ಸಾದವರಿಗೆ ಹೆಚ್ಚು ಅಪಾಯಕಾರಿ. ಮಿಶ್ರಣವನ್ನು 71 ಡಿಗ್ರಿಗೆ ಬಿಸಿ ಮಾಡಿದರೆ ಅದು ಸಾಯುತ್ತದೆ. ರಮ್ ಅಥವಾ ಬ್ರಾಂಡಿ ಹಾಕಿದರೆ ಬೇಯಿಸುವ ಅಗತ್ಯವಿಲ್ಲ ಎಂದು ನಂಬುವವರಿದ್ದಾರೆ. ಆದರೆ ಕುಡಿಯುವ ಹೊತ್ತಿಗೆ ಸುರಿಯುವ ಅಷ್ಟು ಮದ್ಯದಿಂದ ಮೊಟ್ಟೆ ಸುರಕ್ಷಿತವಾಗುವುದಿಲ್ಲ. ಮದ್ಯವಿಲ್ಲದೆಯೂ ಈ ಪಾನೀಯದ ರುಚಿ ಪೂರ್ಣವಾಗಿಯೇ ಇರುತ್ತದೆ, ಹಬ್ಬದ ದಿನ ಮನೆಯ ಮಕ್ಕಳೂ ಒಟ್ಟಿಗೆ ಕುಡಿಯಬಹುದು.

ಈಗ ಮಾಡುವ ಕ್ರಮ. ಅರ್ಧ ಲೀಟರ್ ಹಾಲು, 200 ಮಿಲಿಲೀಟರ್ ಕ್ರೀಮ್, 4 ಮೊಟ್ಟೆಗಳ ಹಳದಿ, 100 ಗ್ರಾಂ ಸಕ್ಕರೆ ತೆಗೆದುಕೊಳ್ಳಿ. ನಮ್ಮ ಅಂಗಡಿಗಳಲ್ಲಿ ಪೊಟ್ಟಣದಲ್ಲಿ ಸಿಗುವ ಫ್ರೆಶ್ ಕ್ರೀಮ್‌ನಲ್ಲಿ ಸಾಮಾನ್ಯವಾಗಿ ಶೇಕಡಾ 25ರಷ್ಟು ಕೊಬ್ಬು ಇರುತ್ತದೆ; ಕಡೆದು ನೊರೆ ಏರಿಸಲು ಅದು ಸಾಲದಿದ್ದರೂ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಹಾಲಿಗೆ ಒಂದು ತುಂಡು ದಾಲ್ಚಿನ್ನಿ, 2 ಲವಂಗ ಹಾಕಿ, ಕುದಿ ಬರುವ ಮೊದಲೇ ಒಲೆ ಆರಿಸಿ, ಮುಚ್ಚಿ ಕಾಲು ಗಂಟೆ ಬಿಡಿ. ಮಸಾಲೆಯನ್ನು ಪುಡಿ ಮಾಡಿ ಹಾಕುವುದಕ್ಕಿಂತ ಹೀಗೆ ಇಡಿಯಾಗಿ ನೆನೆಸುವುದು ಒಳ್ಳೆಯದು. ಪಾನೀಯ ಕಂದು ಬಣ್ಣಕ್ಕೆ ತಿರುಗುವುದಿಲ್ಲ, ನಾಲಿಗೆಗೆ ತರಿಯೂ ಸಿಗುವುದಿಲ್ಲ.

ಹಳದಿಯನ್ನೂ ಸಕ್ಕರೆಯನ್ನೂ ಬೇರೊಂದು ಪಾತ್ರೆಯಲ್ಲಿ ಬಣ್ಣ ತಿಳಿಯಾಗುವವರೆಗೆ ಕಡೆಯಿರಿ. ಹಾಲನ್ನು ಮತ್ತೆ ಹಬೆಯಾಡುವಷ್ಟು ಬಿಸಿ ಮಾಡಿ, ಒಂದು ಸೌಟು ಹಾಲನ್ನು ಹಳದಿಯ ಮೇಲೆ ನೂಲಿನಂತೆ ಸುರಿಯುತ್ತಾ ಇನ್ನೊಂದು ಕೈಯಲ್ಲಿ ಕಡೆಯುತ್ತಲೇ ಇರಿ. ಹೀಗೆ ಎರಡು ಮೂರು ಸೌಟು ಆದ ಮೇಲೆ ಹಳದಿ ಬಿಸಿಗೆ ಹೊಂದಿಕೊಂಡಿರುತ್ತದೆ, ಆಗ ಅದನ್ನು ಹಾಲಿನ ಪಾತ್ರೆಗೆ ಸೇರಿಸಬಹುದು. ಹಳದಿಯನ್ನೇ ನೇರವಾಗಿ ಬಿಸಿ ಹಾಲಿಗೆ ಸುರಿದಾಗಲೇ ಹೆಚ್ಚಿನವರ ಕೆಲಸ ಕೆಡುತ್ತದೆ. ಆಮೇಲೆ ಉರಿ ಅತಿ ಸಣ್ಣದಿರಲಿ, ತಳ ದಪ್ಪವಿರುವ ಪಾತ್ರೆಯಿರಲಿ, ಮರದ ಸೌಟು ತಳ ಮುಟ್ಟುತ್ತಲೇ ಇರಲಿ. ಮೊದಲು ಮೇಲಿದ್ದ ನೊರೆ ಮೆಲ್ಲಗೆ ಇಳಿದು ಮಾಯವಾಗುತ್ತದೆ. ಅನಂತರ ಸೌಟಿಗೆ ತುಸು ಭಾರ ತಗಲುತ್ತದೆ. ಥರ್ಮಾಮೀಟರ್ ಇಲ್ಲದವರು ಸೌಟನ್ನು ಮೇಲೆತ್ತಿ ಅದರ ಬೆನ್ನಿನ ಮೇಲೆ ಬೆರಳಿನಿಂದ ಅಡ್ಡಗೆರೆ ಎಳೆದು ನೋಡಬೇಕು. ಗೆರೆ ಮುಚ್ಚಿಕೊಳ್ಳದೆ ಹಾಗೆಯೇ ನಿಂತರೆ ಪಾಕ ಸಿದ್ಧವಾಗಿದೆ ಎಂದರ್ಥ. ಒಡನೆಯೇ ಒಲೆಯಿಂದ ಇಳಿಸಿ, ತಣ್ಣಗಿನ ಕ್ರೀಮ್ ಸುರಿದು, ಸೋಸಿ, ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಡಿ. ಒಲೆ ಆರಿಸಿ ಅಲ್ಲಿಯೇ ಬಿಟ್ಟರೆ ಪಾತ್ರೆಯ ತಳದ ಕಾವೇ ಮೊಟ್ಟೆಯನ್ನು ಬೇಯಿಸಿಬಿಡುತ್ತದೆ. ಅಷ್ಟರಲ್ಲಿ ಸಣ್ಣ ಗಂಟುಗಳು ಕಾಣಿಸಿಕೊಂಡರೂ ಹೆದರಬೇಕಾಗಿಲ್ಲ. ಬಿಸಿ ಇಳಿದ ಮೇಲೆ ಮಿಕ್ಸಿಯಲ್ಲಿ ಒಮ್ಮೆ ತಿರುಗಿಸಿದರೆ ನಯವಾಗುತ್ತದೆ. ಕನಿಷ್ಠ 4 ಗಂಟೆ ಫ್ರಿಜ್‌ನಲ್ಲಿಟ್ಟು, ಕೊಡುವಾಗ ಮೇಲೆ ಜಾಯಿಕಾಯಿ ತುರಿಯಿರಿ. ಕ್ರಿಸ್‌ಮಸ್‌ಗೆಂದು ನೀವು ಮಾಡುವ ಕುಸ್ವಾರ್‌ನ ಗರಿಗರಿ ತಿಂಡಿಗಳ ಜೊತೆ, ಅದರಲ್ಲೂ ಹೆಚ್ಚು ಸಿಹಿಯಿಲ್ಲದ, ಗುಲಾಬಿ ಹೂವು ಎಂಬ ಕರಿದ ತಿಂಡಿಯ ಜೊತೆ, ಇದು ಚೆನ್ನಾಗಿ ಒಗ್ಗುತ್ತದೆ.

ಪ್ರಶ್ನೆ: ನಮ್ಮದು ಮೊಟ್ಟೆ ಬಳಸದ ಮನೆ. ತೋಟದಲ್ಲಿ ತೆಂಗಿನಕಾಯಿಗೆ ಕೊರತೆಯಿಲ್ಲ. ಕಾಯಿಹಾಲಿನಲ್ಲಿ ಇಂಥ ಪಾನೀಯ ಮಾಡಬಹುದೇ? ಕಾಯಿಹಾಲು ಕಾಯಿಸಿದರೆ ಎಣ್ಣೆ ಬಿಡುತ್ತದೆ, ಅದಕ್ಕೇನು ಮಾಡಬೇಕು?
(ಕೃಷಿಕರು, ಬದಿಯಡ್ಕ)

ಉತ್ತರ: ಧಾರಾಳವಾಗಿ ಮಾಡಬಹುದು. ಕೆರಿಬಿಯನ್‌ನ ಪೋರ್ಟೊರಿಕೊ ದ್ವೀಪದಲ್ಲಿ ಕ್ರಿಸ್‌ಮಸ್‌ಗೆ ಮಾಡುವ ಕೊಕಿಟೊ ಎಂಬ ಪಾನೀಯದ ಜೀವಾಳವೇ ಕಾಯಿಹಾಲು. ದಾಲ್ಚಿನ್ನಿ, ಜಾಯಿಕಾಯಿ, ಸಿಹಿ ಮಂದಹಾಲು (ಕಂಡೆನ್ಸ್ಡ್ ಮಿಲ್ಕ್) ಮತ್ತು ರಮ್ ಅದಕ್ಕೆ ಸೇರುತ್ತವೆ, ಸಾಮಾನ್ಯವಾಗಿ ಮೊಟ್ಟೆಯಿರುವುದಿಲ್ಲ. ಆದ್ದರಿಂದ ನೀವು ಮಾಡುವುದನ್ನು ಮೊಟ್ಟೆಯಿಲ್ಲದ ಕೊರತೆಯ ಎಗ್‌ನಾಗ್ ಎಂದು ಭಾವಿಸಬೇಡಿ. ನನ್ನ ಮಟ್ಟಿಗಂತೂ ನಮ್ಮ ಊರಿನ ಕಾಯಿಗೆ ಹಸುವಿನ ಹಾಲಿನ ಪಾನೀಯಕ್ಕಿಂತ ಇದೇ ಹೆಚ್ಚು ಒಪ್ಪುತ್ತದೆ.

ಕಾಯಿಹಾಲು ಎಂದರೆ ನೀರಿನಲ್ಲಿ ಸಣ್ಣ ಸಣ್ಣ ಎಣ್ಣೆಯ ಹನಿಗಳು ತೇಲುತ್ತಿರುವ ದ್ರವ. ಆ ಹನಿಗಳು ಒಂದುಗೂಡದಂತೆ ತಡೆದಿರುವುದು ಕಾಯಿಯದೇ ಪ್ರೋಟೀನು. ಕುದಿ ಬಂದಾಗ ಆ ಪ್ರೋಟೀನು ಕೆಟ್ಟು ಮುದ್ದೆಯಾಗುತ್ತದೆ, ಹಿಡಿತ ತಪ್ಪಿದ ಹನಿಗಳು ಸೇರಿ ಎಣ್ಣೆಯಾಗಿ ಮೇಲೆ ಬರುತ್ತವೆ. ಪಾಯಸ ಮಾಡುವವರು ಎರಡನೆಯ ಹಾಲಿನಲ್ಲಿ ಬೇಯಿಸಿ, ದಪ್ಪಗಿನ ಮೊದಲ ಹಾಲನ್ನು ಕೊನೆಗೆ ಹಾಕಿ, ಕುದಿಸದೆ ಇಳಿಸುವುದು ಇದೇ ಕಾರಣಕ್ಕೆ. ನೀವೂ ಆ ದಾರಿಯನ್ನೇ ಹಿಡಿಯಿರಿ.

ಎರಡು ಬಲಿತ ಕಾಯಿಗಳ ತುರಿಯಿಂದ ಉಗುರುಬೆಚ್ಚಗಿನ ನೀರು ಹಾಕಿ ಮೊದಲ ಹಾಲು ಹಿಂಡಿ ಬದಿಗಿಡಿ. ಮತ್ತೆ ನೀರು ಹಾಕಿ ರುಬ್ಬಿ ಅರ್ಧ ಲೀಟರ್‌ನಷ್ಟು ಎರಡನೆಯ ಹಾಲು ತೆಗೆಯಿರಿ. ಸುಮಾರು 15 ಗೇರುಬೀಜಗಳನ್ನು ನೆನೆಸಿ ಬೆಣ್ಣೆಯಂತೆ ನುಣ್ಣಗೆ ರುಬ್ಬಿ. ಎರಡನೆಯ ಹಾಲಿಗೆ ದಾಲ್ಚಿನ್ನಿ, ಲವಂಗ, ಜಜ್ಜಿದ ಏಲಕ್ಕಿ ಹಾಕಿ, ಒಂದು ದೊಡ್ಡ ಚಮಚ ಅಕ್ಕಿಹಿಟ್ಟನ್ನು ತಣ್ಣೀರಲ್ಲಿ ಕದಡಿ ಸೇರಿಸಿ, ಹಸಿ ವಾಸನೆ ಹೋಗುವವರೆಗೆ ಕುದಿಸಿ. ಮೊಟ್ಟೆಯ ಹಳದಿ ಕೊಡುತ್ತಿದ್ದ ಮಂದತನವನ್ನು ಅಕ್ಕಿಹಿಟ್ಟೂ ಗೇರುಬೀಜವೂ ಸೇರಿ ಕೊಡುತ್ತವೆ. ಎಣ್ಣೆಯ ಹನಿಗಳು ಒಂದುಗೂಡುವುದನ್ನೂ ಅವು ನಿಧಾನಗೊಳಿಸುತ್ತವೆ. ಸಕ್ಕರೆ, ಚಿಟಿಕೆ ಉಪ್ಪು, ಗೇರುಬೀಜದ ಹಿಟ್ಟು ಸೇರಿಸಿ, ಉರಿ ತಗ್ಗಿಸಿ, ಮೊದಲ ಹಾಲು ಹಾಕಿ, ಅಂಚಿನಲ್ಲಿ ಹಬೆ ಕಾಣಿಸಿದೊಡನೆ ಇಳಿಸಿಬಿಡಿ.

ಇನ್ನೊಂದು ವಿಷಯವನ್ನು ಹೇಳಲೇಬೇಕು. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿಯೇ ಹೆಪ್ಪುಗಟ್ಟುತ್ತದೆ. ಆದ್ದರಿಂದ ಫ್ರಿಜ್‌ನಲ್ಲಿಟ್ಟ ಕಾಯಿಹಾಲಿನ ಪಾನೀಯದ ಮೇಲೆ ಮರುದಿನ ಬಿಳಿಯ ಗಟ್ಟಿ ಪದರ ಕಾಣಿಸುತ್ತದೆ. ಅದು ಕೆಟ್ಟಿದ್ದಲ್ಲ, ಚೆಲ್ಲಬೇಡಿ. ಕುಡಿಯುವ ಅರ್ಧ ಗಂಟೆ ಮೊದಲು ಹೊರಗಿಟ್ಟು, ಬಾಟಲಿಯನ್ನು ಜೋರಾಗಿ ಕುಲುಕಿ, ಇಲ್ಲವೇ ಮಿಕ್ಸಿಯಲ್ಲಿ ತಿರುಗಿಸಿ ಕೊಡಿ.

ಪ್ರಶ್ನೆ: ಅಡಿಕೆ ತೋಟದ ನಡುವೆ ನೆಟ್ಟ ಜಾಯಿಕಾಯಿ ಮರ ಈಗ ಫಲ ಕೊಡುತ್ತಿದೆ. ಈ ಪಾನೀಯಕ್ಕೆ ಎಷ್ಟು ಜಾಯಿಕಾಯಿ ಹಾಕಬೇಕು? ಜಾಪತ್ರೆ ಹಾಕಬಹುದೇ?
(ಓದುಗರು, ಮುಳ್ಳೇರಿಯ)

ಉತ್ತರ: ಎಂಟು ಸಣ್ಣ ಲೋಟಗಳಿಗೆ ಕಾಲು ಟೀ ಚಮಚ ತುರಿ ಸಾಕು, ಅದಕ್ಕಿಂತ ಹೆಚ್ಚು ಬೇಡ. ಇದು ಬರೀ ರುಚಿಯ ಮಾತಲ್ಲ. ಜಾಯಿಕಾಯಿಯಲ್ಲಿರುವ ಮಿರಿಸ್ಟಿಸಿನ್ ಎಂಬ ಅಂಶದಿಂದಾಗಿ, ಒಬ್ಬರು ಒಮ್ಮೆಲೇ 5 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೇವಿಸಿದರೆ ವಾಂತಿ, ಎದೆಬಡಿತ, ಭ್ರಮೆ ಉಂಟಾಗಬಹುದು. ಒಂದು ದೊಡ್ಡ ಜಾಯಿಕಾಯಿಯ ತೂಕವೇ ಅಷ್ಟಿರುತ್ತದೆ. ನಿಮ್ಮ ಮರದ ಕಾಯಿ ಎಷ್ಟೇ ಇದ್ದರೂ ಕೈ ಬಿಗಿಹಿಡಿಯಿರಿ, ಮಕ್ಕಳ ಲೋಟಕ್ಕೆ ಇನ್ನೂ ಕಡಿಮೆಯಿರಲಿ.

ಮಳೆಗಾಲದಲ್ಲಿ ಒಡೆದು ಬಿದ್ದ ಹಣ್ಣಿನ ಬೀಜವನ್ನು ಅಟ್ಟದ ಮೇಲೋ ಒಲೆಯ ಕಾವಿನಲ್ಲೋ ಒಣಗಿಸಿದ್ದರೆ, ಕಿವಿಯ ಬಳಿ ಅಲುಗಿಸಿ ನೋಡಿ: ಚಿಪ್ಪಿನೊಳಗೆ ತಿರುಳು ಗಲಗಲ ಎಂದರೆ ಒಣಗಿದೆ. ಚಿಪ್ಪು ಒಡೆದು ತಿರುಳನ್ನು ತುರಿದಾಗ ಒಳಗೆ ಕಂದು ಗೆರೆಗಳ ಬಲೆ ಕಾಣುತ್ತದೆ, ಪರಿಮಳದ ಎಣ್ಣೆ ಇರುವುದು ಅಲ್ಲಿಯೇ. ಪುಡಿ ಮಾಡಿಟ್ಟರೆ ಆ ಪರಿಮಳ ಬೇಗ ಹಾರಿಹೋಗುತ್ತದೆ, ಆದ್ದರಿಂದ ಬೇಕಾದಾಗಲೇ ತುರಿಯಬೇಕು. ಶಿಶುಗಳಿಗೆಂದು ಜಾಯಿಕಾಯಿ ತೇಯುವ ಕಲ್ಲು ಮನೆಯಲ್ಲಿದ್ದರೆ, ಅದರ ಮೇಲೆ ಸ್ವಲ್ಪ ಹಾಲು ಬಿಟ್ಟು ತೇದ ಗಂಧವನ್ನು ಪಾನೀಯಕ್ಕೆ ಬೆರೆಸುವುದು ಇನ್ನೂ ಉತ್ತಮ. ತರಿ ಸ್ವಲ್ಪವೂ ಉಳಿಯುವುದಿಲ್ಲ. ಜಾಪತ್ರೆಯ ಪರಿಮಳ ಮೃದು. ಒಂದು ಎಸಳನ್ನು ದಾಲ್ಚಿನ್ನಿಯ ಜೊತೆಗೇ ಹಾಲಿನಲ್ಲಿ ನೆನೆಸಿ, ಸೋಸುವಾಗ ತೆಗೆದುಬಿಡಿ.

ಪ್ರಶ್ನೆ: ಸಕ್ಕರೆಯ ಬದಲು ಬೆಲ್ಲ ಹಾಕಬಹುದೇ?
(ಓದುಗರು, ಪೆರ್ಲ)

ಉತ್ತರ: ಕಾಯಿಹಾಲಿನ ಪಾನೀಯಕ್ಕೆ ನಿಶ್ಚಿಂತೆಯಿಂದ ಹಾಕಬಹುದು. ಹಸುವಿನ ಹಾಲಿನದ್ದಾದರೆ ಎಚ್ಚರ ಬೇಕು, ಏಕೆಂದರೆ ಬೆಲ್ಲದಲ್ಲಿ ತುಸು ಹುಳಿ ಅಂಶವಿರುತ್ತದೆ. ಬಿಸಿ ಹಾಲಿಗೆ ಅದು ಬಿದ್ದರೆ ಹಾಲಿನ ಕೇಸಿನ್ ಎಂಬ ಪ್ರೋಟೀನು ಒಡೆದು ಬೇರೆಯಾಗುತ್ತದೆ. ಕಾಯಿಹಾಲಿನಲ್ಲಿ ಕೇಸಿನ್ ಇಲ್ಲದಿರುವುದರಿಂದಲೇ ನಮ್ಮ ಬೆಲ್ಲದ ಪಾಯಸಗಳು ಅದನ್ನು ನೆಚ್ಚಿಕೊಂಡಿವೆ. ಹಸುವಿನ ಹಾಲಿಗೆ ಬೆಲ್ಲವೇ ಬೇಕೆಂದಿದ್ದರೆ ಪಾಕ ಕರಗಿಸಿ, ಸೋಸಿ, ಪೂರ್ತಿ ಆರಿಸಿ, ತಣ್ಣಗಾದ ಪಾನೀಯಕ್ಕೆ ಬೆರೆಸಿ. ಮತ್ತೆ ಬಿಸಿ ಮಾಡಬೇಡಿ. ತೆಂಗಿನ ಸಕ್ಕರೆ ಸಿಕ್ಕರೆ ಅದನ್ನೂ ಬಳಸಿ ನೋಡಿ. ತೆಂಗಿನ ಹೂಗೊಂಚಲಿನ ರಸವನ್ನು ಹುಳಿಯದಂತೆ ತಣ್ಣಗೆ ಸಂಗ್ರಹಿಸಿ, ಕಲ್ಪರಸವೆಂಬ ಹೆಸರಿನಲ್ಲಿ ಬಳಕೆಗೆ ತರುವ ವಿಧಾನವನ್ನು ರೂಪಿಸಿದ್ದು ನಮ್ಮ ಕಾಸರಗೋಡಿನದೇ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ. ಆ ರಸದಿಂದ ಮಾಡಿದ ಸಕ್ಕರೆಗೆ ಕ್ಯಾರಮೆಲ್‌ನ ಛಾಯೆಯಿದೆ, ಜಾಯಿಕಾಯಿಗೆ ಹೊಂದುತ್ತದೆ.

ಪ್ರಶ್ನೆ: ಎಗ್‌ನಾಗ್ ಯಾವ ದೇಶದ್ದು?
(ವಿದ್ಯಾರ್ಥಿನಿ, ಕುಂಬಳೆ)

ಉತ್ತರ: ಇದರ ಮೂಲವನ್ನು ಇಂಗ್ಲೆಂಡಿನ ಪೊಸೆಟ್‌ನಲ್ಲಿ ಗುರುತಿಸುತ್ತಾರೆ, ಬಿಸಿ ಹಾಲಿಗೆ ಮದ್ಯ ಬೆರೆಸಿ, ಮಸಾಲೆ ಹಾಕಿ ಮಾಡುತ್ತಿದ್ದ ಮಧ್ಯಯುಗದ ಪಾನೀಯವದು. 18ನೆಯ ಶತಮಾನದಲ್ಲಿ ಉತ್ತರ ಅಮೆರಿಕದ ವಸಾಹತುಗಳಲ್ಲಿ ಹಾಲು, ಮೊಟ್ಟೆ ಹೇರಳವಾಗಿದ್ದವು, ಕೆರಿಬಿಯನ್‌ನಿಂದ ರಮ್ ಅಗ್ಗದಲ್ಲಿ ಬರುತ್ತಿತ್ತು. ಎಗ್‌ನಾಗ್ ಜನರ ಪಾನೀಯವಾದದ್ದು ಅಲ್ಲಿ. 1826ರ ಕ್ರಿಸ್‌ಮಸ್ ಹಿಂದಿನ ರಾತ್ರಿ ವೆಸ್ಟ್ ಪಾಯಿಂಟ್‌ನ ಅಮೆರಿಕದ ಸೇನಾ ಅಕಾಡೆಮಿಯಲ್ಲಿ ಕೆಡೆಟ್‌ಗಳು ಗುಟ್ಟಾಗಿ ಒಳತಂದ ವಿಸ್ಕಿಯಿಂದ ಎಗ್‌ನಾಗ್ ಮಾಡಿ ಕುಡಿದು ದಾಂಧಲೆ ಎಬ್ಬಿಸಿದ್ದು ಆ ದೇಶದ ಇತಿಹಾಸದಲ್ಲಿ ದಾಖಲಾಗಿದೆ. ಜಾಯಿಕಾಯಿ ಮಾತ್ರ ಏಷ್ಯಾದ್ದು, ಇಂಡೋನೇಷ್ಯಾದ ಬಾಂಡಾ ದ್ವೀಪಗಳಿಂದ ಲೋಕಕ್ಕೆಲ್ಲ ಹರಡಿದ್ದು.

ಪ್ರಶ್ನೆ: ಕ್ರಿಸ್‌ಮಸ್ ರಾತ್ರಿಯ ಪೂಜೆ ಮುಗಿಸಿ ಬರುವ 40 ಮಂದಿಗೆ ಎಗ್‌ನಾಗ್ ಕೊಡಬೇಕೆಂದಿದ್ದೇವೆ. ಅಳತೆ ಹೇಗೆ? ಎಷ್ಟು ದಿನ ಮೊದಲು ಮಾಡಬಹುದು? ಉಳಿದ ಮೊಟ್ಟೆಯ ಬಿಳಿಯನ್ನು ಏನು ಮಾಡಲಿ?
(ಓದುಗರು, ಮಂಜೇಶ್ವರ)

ಉತ್ತರ: ತಲಾ 100 ಮಿಲಿಲೀಟರ್ ಸಾಕು, ಇದು ಮಂದವಾದ ಪಾನೀಯ. ಮೊದಲ ಉತ್ತರದಲ್ಲಿ ಕೊಟ್ಟ ಅಳತೆಯನ್ನು ಐದು ಪಟ್ಟು ಮಾಡಿ: ಎರಡೂವರೆ ಲೀಟರ್ ಹಾಲು, 1 ಲೀಟರ್ ಕ್ರೀಮ್, 20 ಹಳದಿ, ಅರ್ಧ ಕಿಲೋ ಸಕ್ಕರೆ. ಲವಂಗವನ್ನು ಮಾತ್ರ ಐದು ಪಟ್ಟು ಹಾಕಬೇಡಿ, 6 ಸಾಕು. ಎಲ್ಲವನ್ನೂ ಒಂದೇ ಚರಿಗೆಯಲ್ಲಿ ಕಾಯಿಸಬೇಡಿ. ದೊಡ್ಡ ಪಾತ್ರೆಯ ತಳ ಬೇಯುವ ಹೊತ್ತಿಗೆ ಮೇಲ್ಭಾಗ ಇನ್ನೂ ಬೆಚ್ಚಗಷ್ಟೇ ಇರುತ್ತದೆ, ತಣಿಯಲೂ ಬಹಳ ಹೊತ್ತು ಬೇಕು. ಎರಡು ಮೂರು ಸಲ ಮಾಡಿ, ಅಗಲ ಪಾತ್ರೆಗಳಲ್ಲಿ ಬೇಗ ತಣಿಸಿ, ಬಾಟಲಿಗಳಿಗೆ ತುಂಬಿ ಫ್ರಿಜ್‌ನಲ್ಲಿಡಿ.

23ರಂದು ಸಂಜೆ ಮಾಡಿಟ್ಟರೆ 24ರ ರಾತ್ರಿಗೆ ಮಸಾಲೆ ಚೆನ್ನಾಗಿ ಇಳಿದಿರುತ್ತದೆ. ಒಟ್ಟು ಮೂರು ದಿನಕ್ಕಿಂತ ಹೆಚ್ಚು ಇಡಬೇಡಿ. ಕರೆಂಟು ಹೋದರೆ ಬಾಟಲಿಗಳನ್ನು ಐಸ್ ತುಂಬಿದ ಪೆಟ್ಟಿಗೆಗೆ ವರ್ಗಾಯಿಸಿ. ಹೊರಗಿಟ್ಟು 2 ಗಂಟೆ ಕಳೆದದ್ದನ್ನು ಮತ್ತೆ ಫ್ರಿಜ್‌ಗೆ ಹಾಕಿ ಮರುದಿನ ಕೊಡುವುದು ಬೇಡ, ಎಷ್ಟೇ ಉಳಿದಿದ್ದರೂ ಚೆಲ್ಲಿಬಿಡಿ.

ಬಿಳಿಯ ವಿಷಯದಲ್ಲಿ ನಿಮ್ಮ ನೆರೆಮನೆಯ ಮಾಪ್ಪಿಳೆ (ಮಲಬಾರಿನ ಮುಸ್ಲಿಂ) ಹೆಂಗಸರನ್ನು ಕೇಳಿ. ಹಳದಿಯನ್ನು ಸಕ್ಕರೆ ಪಾಕಕ್ಕೆ ಎಳೆಯಾಗಿ ಬಿಟ್ಟು ಮುಟ್ಟಮಾಲ ಮಾಡುವ ಮಲಬಾರಿನ ಅಡುಗೆಯಲ್ಲಿ, ಉಳಿದ ಬಿಳಿಯನ್ನು ಸಕ್ಕರೆ, ಏಲಕ್ಕಿಯೊಂದಿಗೆ ಕಡೆದು ಹಬೆಯಲ್ಲಿ ಬೇಯಿಸಿ ಪಿಞ್ಞಾಣತ್ತಪ್ಪಂ ಮಾಡುತ್ತಾರೆ. 20 ಮೊಟ್ಟೆಗಳ ಬಿಳಿಯಿಂದ ನಿಮ್ಮ 40 ಮಂದಿಗೂ ಅದರ ಒಂದೊಂದು ತುಂಡು ಸಿಗುತ್ತದೆ.